ಕಡೆಯುವ ಯಂತ್ರ, ಕುಕ್ಕುವ ಯಂತ್ರ

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಅಡಿಕೆ ತೋಟದ ಮನೆ. ಬಚ್ಚಲಿನಲ್ಲಿ ಹನ್ನೊಂದು ವರ್ಷದಿಂದ ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮೆಷಿನ್ ದುಡಿಯುತ್ತಿದೆ. ಹೋದ ವರ್ಷ ಫ್ರಂಟ್ ಲೋಡ್ ತಂದೆವು. ಪೇಟೆಯಲ್ಲಿರುವ ತಂಗಿಯ ಮನೆಯಲ್ಲಿ ಟಾಪ್ ಲೋಡ್ ಇದೆ. ಬಂದ ನೆಂಟರೆಲ್ಲ ಯಾವುದು ಒಳ್ಳೆಯದು ಎಂದು ಕೇಳುತ್ತಾರೆ. ಅಂದಾಜಿನ ಮೇಲೆ ಉತ್ತರಿಸುವುದು ನನಗೆ ಸರಿಕಾಣಲಿಲ್ಲ. ಹಾಗಾಗಿ ಈ ಸಲದ ಅಡಿಕೆಯ ಕೊನೆಕೊಯ್ಲಿನ ಸಮಯದಲ್ಲಿ ಯಜಮಾನರ ಹಳೆಯ ಬಿಳಿ ಪಂಚೆಯೊಂದನ್ನು ಮೂರು ತುಂಡು ಮಾಡಿದೆ. ಪ್ರತಿಯೊಂದಕ್ಕೂ ತೋಟದ ಕೆಂಪು ಮಣ್ಣು, ಕೊಬ್ಬರಿ ಎಣ್ಣೆ, ಸಾಂಬಾರಿನ ಅರಿಸಿನ ಮತ್ತು ಅಡಿಕೆ ಬೇಯಿಸಿದ ಚೊಗರನ್ನು ಮೆತ್ತಿ ಒಂದು ರಾತ್ರಿ ಬಿಟ್ಟೆ. ಮರುದಿನ ದಿನದ ಬಟ್ಟೆಯ ಜೊತೆಗೇ ಒಂದೊಂದು ತುಂಡು ಒಂದೊಂದು ಯಂತ್ರಕ್ಕೆ ಹೋಯಿತು. ತಂಗಿಯ ಮನೆಯದೂ ನಮ್ಮಂತೆಯೇ ಮೆದು ನೀರು. ಪುಡಿಯನ್ನು ನಾನೇ ಕಟ್ಟಿಕೊಂಡು ಹೋಗಿದ್ದೆ.

ಫಲಿತಾಂಶಕ್ಕೆ ಮೊದಲು ಯಂತ್ರದೊಳಗೆ ನಡೆಯುವುದೇನು ಎಂದು ಹೇಳಬೇಕು, ಏಕೆಂದರೆ ಕಲೆ ಹೋಗುವುದೂ ಉಳಿಯುವುದೂ ಅದರಿಂದಲೇ. ಸೆಮಿ ಆಟೊಮ್ಯಾಟಿಕ್ ಮತ್ತು ಟಾಪ್ ಲೋಡ್ ಎರಡೂ ಒಂದೇ ಕುಲ. ತೊಟ್ಟಿಯ ತಳದಲ್ಲಿ ಪಲ್ಸೇಟರ್ ಎಂಬ ತಟ್ಟೆಯಿದೆ. ಅದು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿ ನೀರನ್ನು ಸುಳಿಯೆಬ್ಬಿಸುತ್ತದೆ, ನೀರು ಬಟ್ಟೆಯನ್ನು ಎಳೆದಾಡುತ್ತದೆ. ಮಜ್ಜಿಗೆ ಕಡೆಯುವ ಕೆಲಸವೇ ಇದು. ಕಡೆಯಬೇಕಾದರೆ ಬಟ್ಟೆ ತೇಲಬೇಕು, ತೇಲಬೇಕಾದರೆ ನೀರು ತುಂಬಬೇಕು. ಅಮೆರಿಕದ ಹಳೆಯ ಮಾದರಿಗಳಲ್ಲಿ ತಟ್ಟೆಯ ಬದಲು ನಡುವೆ ರೆಕ್ಕೆಗಳಿರುವ ಎತ್ತರದ ಕಂಬವಿರುತ್ತದೆ. ಅದು ಬಟ್ಟೆಯನ್ನು ಇನ್ನೂ ಬಿರುಸಾಗಿ ಉಜ್ಜುತ್ತದೆ.

ಫ್ರಂಟ್ ಲೋಡ್‌ನಲ್ಲಿ ಡ್ರಮ್ ಅಡ್ಡವಾಗಿ ಮಲಗಿದೆ. ಅದರ ಒಳಗೋಡೆಯ ಏಣುಗಳು ಬಟ್ಟೆಯನ್ನು ಮೇಲಕ್ಕೆತ್ತುತ್ತವೆ, ತುದಿಗೆ ಬಂದ ಬಟ್ಟೆ ತನ್ನ ಭಾರಕ್ಕೆ ಧಪ್ಪೆಂದು ಬೀಳುತ್ತದೆ. ತಳದಲ್ಲಿ ಸ್ವಲ್ಪವೇ ನೀರು. ಮೊದಲ ದಿನ ಗಾಜಿನ ಬಾಗಿಲಿನ ಮುಂದೆ ಕುಳಿತು ನೋಡಿದ ನಮ್ಮ ಅತ್ತೆ, "ಇದು ಕಲ್ಲಿಗೆ ಕುಕ್ಕುವುದೇ ಅಲ್ಲವೇನೇ?" ಎಂದರು. ಹೌದು. ಎತ್ತುವುದು, ಕುಕ್ಕುವುದು, ಮತ್ತೆ ಎತ್ತುವುದು. ನಲವತ್ತು ವರ್ಷ ಒಗೆಯುವ ಕಲ್ಲಿನ ಮುಂದೆ ನಿಂತವರ ಕಣ್ಣಿಗೆ ಅದು ಒಂದೇ ನೋಟಕ್ಕೆ ಕಂಡಿತು.

ಈಗ ಪಂಚೆಯ ತುಂಡುಗಳು. ಎಣ್ಣೆಯಲ್ಲಿ ಫ್ರಂಟ್ ಲೋಡ್ ಸ್ಪಷ್ಟವಾಗಿ ಗೆದ್ದಿತು. ನೀರು ಕಡಿಮೆಯಾದ್ದರಿಂದ ಅದರಲ್ಲಿ ಸೋಪು ಗಟ್ಟಿಯಾಗಿರುತ್ತದೆ, ಒಳಗಿನ ಹೀಟರ್ ನೀರನ್ನು 60 ಡಿಗ್ರಿಗೆ ಕಾಯಿಸುತ್ತದೆ, ಎರಡು ಗಂಟೆಗೂ ಮೀರಿ ಕುಕ್ಕಾಟ ನಡೆಯುತ್ತದೆ. ತಣ್ಣೀರಿನಲ್ಲಿ ಕಡೆದ ಉಳಿದೆರಡು ತುಂಡುಗಳಲ್ಲಿ ಎಣ್ಣೆಯ ನೆರಳು ಹಾಗೇ ಇತ್ತು. ಅಂಗಿಯ ಕಾಲರಿನಲ್ಲೂ ನಾನು ದಿನಾ ಕಾಣುವುದು ಇದೇ ವ್ಯತ್ಯಾಸ.

ಮಣ್ಣಿನಲ್ಲಿ ಮಾತ್ರ ಹಳೆಯ ಸೆಮಿ ಆಟೊಮ್ಯಾಟಿಕ್ಕೇ ಮೇಲು. ಕೆಸರಾದ ನೀರನ್ನು ಹೊರಬಿಟ್ಟು ಹೊಸ ನೀರು ತುಂಬಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ಮೂರು ಸಲ ಬೇಕಾದರೆ ಮೂರು ಸಲ. ಫ್ರಂಟ್ ಲೋಡ್‌ನ ಅಷ್ಟು ಕಡಿಮೆ ನೀರಿನಲ್ಲಿ ಮಣ್ಣು ಪೂರ್ತಿ ತೊಳೆದುಹೋಗದೆ ಬಟ್ಟೆಗೆ ತುಸು ಕೆಂಪು ಉಳಿಯಿತು, ಬಾಗಿಲಿನ ರಬ್ಬರಿನ ಮಡಿಕೆಯಲ್ಲಿ ಮರಳು ಕೂತಿತು. ತೋಟದ ಬಟ್ಟೆಯನ್ನು ಈಗಲೂ ಅದಕ್ಕೆ ನೇರವಾಗಿ ಹಾಕುವುದಿಲ್ಲ. ಟಾಪ್ ಲೋಡ್ ಮಣ್ಣನ್ನು ಚೆನ್ನಾಗಿಯೇ ತೆಗೆಯಿತು, ಆದರೆ ನೂರು ಲೀಟರಿಗೂ ಹೆಚ್ಚು ನೀರು ಕುಡಿಯಿತು. ಪಂಚೆ, ತಂಗಿಯ ಸೀರೆ, ಮಗುವಿನ ಚಡ್ಡಿ ಎಲ್ಲ ಹಗ್ಗದಂತೆ ಹೊಸೆದುಕೊಂಡು ಬಂದವು; ಸೀರೆಯ ಅಂಚು ಬಿಡಿಸಲು ಹತ್ತು ನಿಮಿಷ ಹಿಡಿಯಿತು.

ಅರಿಸಿನ ಎಲ್ಲದರಲ್ಲೂ ಸೋಪು ತಗಲಿದೊಡನೆ ಕೆಂಪಾಯಿತು. ಕೊನೆಗೆ ತೆಗೆದದ್ದು ಎರಡು ದಿನದ ಬಿಸಿಲು. ಚೊಗರು ಮೂರರಲ್ಲೂ ಹೋಗಲಿಲ್ಲ. ಯಾವ ಅಂಗಡಿಯವರು ಏನೇ ಹೇಳಲಿ, ಚೊಗರು ಹೋಗುವ ಯಂತ್ರವನ್ನು ನಾನಿನ್ನೂ ಕಂಡಿಲ್ಲ.

ಹಿಂಡುವ ವಿಷಯ ನಮಗೆ ಒಗೆಯುವುದಕ್ಕಿಂತ ದೊಡ್ಡದು, ಆಷಾಢದಲ್ಲಿ ಇಲ್ಲಿ ವಾರಗಟ್ಟಲೆ ಬಿಸಿಲಿಲ್ಲ. ತಂಗಿಯ ಯಂತ್ರ ನಿಮಿಷಕ್ಕೆ 700 ಸುತ್ತು, ನಮ್ಮ ಫ್ರಂಟ್ ಲೋಡ್ 1400. ಸುತ್ತು ಎರಡರಷ್ಟಾದರೆ ನೀರನ್ನು ಹೊರತಳ್ಳುವ ಬಲ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಅಟ್ಟದ ಮೇಲೆ ಹರವಿದ ಟವೆಲ್ ಮಳೆಗಾಲದಲ್ಲೂ ಮಾರನೆಯ ದಿನಕ್ಕೆ ಒಣಗುವುದನ್ನು ನಾನು ಈ ಮನೆಯಲ್ಲಿ ಮೊದಲ ಬಾರಿಗೆ ಕಂಡೆ. ಇದೊಂದಕ್ಕಾಗಿಯೇ ಕೊಟ್ಟ ಹಣ ಸಾರ್ಥಕ. ಸೆಮಿ ಆಟೊಮ್ಯಾಟಿಕ್ಕಿನ ಡ್ರೈಯರ್ ತೊಟ್ಟಿ ಕೂಡ ವೇಗವಾಗಿಯೇ ತಿರುಗುತ್ತದೆ, ಆದರೆ ಹಿಡಿಯುವುದು ಎರಡು ಹಿಡಿ ಬಟ್ಟೆ.

ಫ್ರಂಟ್ ಲೋಡ್ ಕೊಳ್ಳುವ ನಮ್ಮ ಕಡೆಯವರಿಗೆ ಎರಡು ಎಚ್ಚರಿಕೆ. ಕೈಯಲ್ಲಿ ಒಗೆಯುವ ಪುಡಿಯನ್ನು ಹಾಕಬೇಡಿ. ಮೆದು ನೀರಿನಲ್ಲಿ ಅದು ಡ್ರಮ್ ತುಂಬ ನೊರೆಯೆಬ್ಬಿಸುತ್ತದೆ, ಬಟ್ಟೆ ಹಾಸಿಗೆಯ ಮೇಲೆ ಬಿದ್ದಂತೆ ನೊರೆಯ ಮೇಲೆ ಬೀಳುತ್ತದೆ. ಆಮೇಲೆ ಕುಕ್ಕುವುದೆಲ್ಲಿ ಬಂತು? ನಾನು ಮೊದಲ ತಿಂಗಳು ಹೀಗೇ ಮಾಡಿ, ಬಟ್ಟೆ ಮಾಸಲಾಗಿಯೇ ಬರುತ್ತಿದೆ ಎಂದು ಕಂಪನಿಯ ಸರ್ವಿಸ್‌ಗೆ ನಾಲ್ಕು ಸಲ ಫೋನ್ ಮಾಡಿದೆ. ಒಬ್ಬರೂ ಪುಡಿ ಯಾವುದೆಂದು ಕೇಳಲಿಲ್ಲ. ಐದನೆಯ ಸಲ ಮನೆಗೆ ಬಂದ ಹುಡುಗ ಡಬ್ಬಿಯನ್ನು ನೋಡಿದವನೇ ಹೇಳಿದ. ಅವನಿಗೆ ಊಟ ಹಾಕಿಯೇ ಕಳಿಸಿದೆವು.

ಇನ್ನೊಂದು, ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು. ಅದರ ಜೊತೆ ಎಲೆಯ ಚೂರು, ಸಣ್ಣ ಮರಳು ಬಂದು ಯಂತ್ರದ ಹಿಂದಿನ ನೀರಿನ ಕೊಳವೆಯ ಬಾಯಲ್ಲಿರುವ ಜಾಲರಿಗೆ ಕಟ್ಟಿಕೊಳ್ಳುತ್ತವೆ. ನಾನು ಹದಿನೈದು ದಿನಕ್ಕೊಮ್ಮೆ ನಲ್ಲಿ ನಿಲ್ಲಿಸಿ, ಜಾಲರಿಯನ್ನು ಕಳಚಿ, ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕುತ್ತೇನೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ.