ಪುಟ್ಟ ಒಎಲ್‌ಇಡಿ ಎಮ್ಯುಲೇಟರ್‌ಗೆ ಒಂದು ಫ್ಲ್ಯಾಗ್ ಸಾಕು: ಸ್ಕ್ರೀನ್ ಅಪ್‌ಡೇಟ್‌ನ ಮೂರು ದಾರಿ ಬರೆದು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಏನು ಬದಲಾದರೂ ಒಂದು ಫ್ಲ್ಯಾಗ್ (‘ಏನೋ ಬದಲಾಗಿದೆ’ ಅಂತ ನೆನಪಿಡುವ ಹೌದು/ಇಲ್ಲ ಗುರುತು) ಎತ್ತಿ, ಇಡೀ ಸ್ಕ್ರೀನ್ ಮತ್ತೆ ಬರೆಯುವ ದಾರಿಗೇ ನನ್ನ ಓಟು.

128×64 ಪಿಕ್ಸೆಲ್‌ನ ಆ ಪುಟ್ಟ ಸ್ಕ್ರೀನ್, ಅಗ್ಗದ ಒಎಲ್‌ಇಡಿ ಇದೆಯಲ್ಲ, ಎಸ್‌ಎಸ್‌ಡಿ1306 ಚಿಪ್ ಇರುವುದು, ಅದನ್ನು ಕ್ಯೂಎಮು (ಬೇರೆ ಕಂಪ್ಯೂಟರ್, ಬೋರ್ಡ್‌ಗಳನ್ನು ಸಾಫ್ಟ್‌ವೇರ್‌ನಲ್ಲೇ ನಕಲು ಮಾಡುವ ಪ್ರೋಗ್ರಾಂ) ಒಳಗೆ ಎಮ್ಯುಲೇಟ್ ಮಾಡಲು ಹೊರಟಿದ್ದೆ. ಬೋರ್ಡ್ ಪಕ್ಕದಲ್ಲಿ ಇಲ್ಲದಿದ್ದರೂ ಫರ್ಮ್‌ವೇರ್ (ಬೋರ್ಡ್ ಮೇಲೆ ಓಡುವ ಪ್ರೋಗ್ರಾಂ) ಓಡಿಸಿ ನೋಡಬೇಕು ಅನ್ನುವುದು ಆಸೆ. ಐ2ಸಿ (ಚಿಪ್‌ಗಳ ನಡುವಿನ ಎರಡು ತಂತಿಯ ಸಂಪರ್ಕ) ಮೇಲೆ ಬೈಟ್ ತೆಗೆದುಕೊಳ್ಳುವುದು, ಕಮಾಂಡ್ ಗುರುತಿಸುವುದು, ಇವೆಲ್ಲ ಸಲೀಸಾಗಿ ಮುಗಿದವು. ತಲೆ ತಿಂದಿದ್ದು ಇಷ್ಟೇ: ಚಿಪ್ ಒಳಗೆ ಏನೋ ಬದಲಾಯಿತು, ಅದನ್ನು ವಿಂಡೋದಲ್ಲಿ ಯಾವಾಗ ಬರೆಯಬೇಕು, ಎಷ್ಟು ಬರೆಯಬೇಕು?

ಬೈಟ್ ಬಂದ ಕೂಡಲೇ ಬರೆಯುವುದು ಮೊದಲ ದಾರಿ. ಚಿಪ್‌ನ ಮೆಮೊರಿ ಒಟ್ಟು 1024 ಬೈಟ್. ಒಂದು ಬೈಟ್ ಅಂದರೆ ಮೇಲಿಂದ ಕೆಳಕ್ಕೆ 8 ಪಿಕ್ಸೆಲ್. ಬೈಟ್ ಬಂತು, ಎಂಟು ಚುಕ್ಕೆ ಬರೆದೆ, ಕ್ಯೂಎಮುಗೆ ‘ಇಷ್ಟು ಜಾಗ ಬದಲಾಗಿದೆ’ ಅಂತ ಹೇಳಿದೆ. ಕೋಡ್ ಚಿಕ್ಕದು, ನಿಜ. ಆದರೆ ಹಲವು ಲೈಬ್ರರಿಗಳು ಒಂದು ಚುಕ್ಕೆ ಬದಲಾದರೂ 1024 ಬೈಟನ್ನೂ ಕಳಿಸುತ್ತವೆ. ಅಂದರೆ ಪ್ರತಿ ಫ್ರೇಮ್‌ಗೆ 1024 ಸಲ ಅಪ್‌ಡೇಟ್ ಕರೆ. ವಿಎನ್‌ಸಿ, ಜಿಟಿಕೆ (ಎರಡೂ ಕ್ಯೂಎಮು ಸ್ಕ್ರೀನ್ ತೋರಿಸುವ ದಾರಿಗಳು), ಯಾರ್‍ಯಾರು ಆ ಸ್ಕ್ರೀನ್ ನೋಡುತ್ತಿದ್ದಾರೋ ಅಷ್ಟೂ ಜನರಿಗೆ ಆ ಕರೆ ಹೋಗುತ್ತದೆ. ಸುಮ್ನೆ ಗದ್ದಲ. ಇದನ್ನು ಬೇಗನೇ ಬಿಟ್ಟೆ.

ಎರಡನೆಯದು ಬದಲಾದ ಚೌಕದ ಲೆಕ್ಕ ಇಡುವುದು. ಕೇಳಲು ಇದೇ ಜಾಣತನ ಅನ್ನಿಸುತ್ತದೆ. ಎಡ, ಬಲ, ಮೇಲೆ, ಕೆಳಗೆ ಅಂತ ನಾಲ್ಕು ನಂಬರ್. ಬೈಟ್ ಬಂದಾಗೆಲ್ಲ ಚೌಕವನ್ನು ಅಷ್ಟು ಹಿಗ್ಗಿಸುವುದು. ಕ್ಯೂಎಮು ಆಗಾಗ ‘ಸ್ಕ್ರೀನ್ ಕೊಡು’ ಅಂತ ಕೇಳುತ್ತಿರುತ್ತದೆ, ಆಗ ಚೌಕದಷ್ಟನ್ನು ಮಾತ್ರ ಬರೆಯುವುದು.

ಕಾಟ ಶುರುವಾಗಿದ್ದು ಸ್ಟಾರ್ಟ್ ಲೈನ್‌ನಿಂದ. ಮೆಮೊರಿಯ ಎಷ್ಟನೇ ಸಾಲು ಸ್ಕ್ರೀನಿನ ತುದಿಗೆ ಬರಬೇಕು ಅಂತ ಈ ಚಿಪ್‌ಗೆ ಒಂದೇ ಕಮಾಂಡ್‌ನಲ್ಲಿ ಹೇಳಬಹುದು. ಟರ್ಮಿನಲ್ ಥರ ಅಕ್ಷರ ಮೇಲೆ ಸರಿಸುವ ಫರ್ಮ್‌ವೇರ್‌ಗೆ ಇದು ವರ. ಹೊಸ ಸಾಲನ್ನು ಮೆಮೊರಿಯ ಮೊದಲ 8 ಸಾಲುಗಳಿಗೆ ಬರೆಯುತ್ತದೆ, ಆಮೇಲೆ ಸ್ಟಾರ್ಟ್ ಲೈನನ್ನು 8 ಮಾಡುತ್ತದೆ. ಈಗ ಮೆಮೊರಿಯ 0ಯಿಂದ 7ನೇ ಸಾಲು ಕಾಣುವುದು ಸ್ಕ್ರೀನಿನ ತಳದಲ್ಲಿ, 56ರಿಂದ 63ರಲ್ಲಿ. ಆದರೆ ನನ್ನ ಚೌಕ ಇನ್ನೂ ಮೇಲೆ 0ಯಿಂದ 7ನ್ನೇ ತೋರಿಸುತ್ತಿರುತ್ತದೆ! ಮೇಲೆ ಹೊಸ ಸಾಲು, ಕೆಳಗೆ ಹಳೆಯ ಅಕ್ಷರ, ನಡುವೆ ಎಲ್ಲ ಇದ್ದಲ್ಲೇ.

ಸರಿ, ಚೌಕವನ್ನು ಸ್ಕ್ರೀನ್ ಲೆಕ್ಕಕ್ಕೆ ಬದಲಿಸಿಕೊಂಡರಾಯಿತು ಅಂದುಕೊಳ್ಳಿ. ಸ್ಟಾರ್ಟ್ ಲೈನ್ 4 ಆಯಿತೋ, ಅದೇ ಎಂಟು ಸಾಲು ಎರಡು ತುಂಡಾಗುತ್ತದೆ. ಅರ್ಧ 60ರಿಂದ 63ಕ್ಕೆ, ಇನ್ನರ್ಧ 0ಯಿಂದ 3ಕ್ಕೆ. ಎರಡನ್ನೂ ಒಳಗೊಳ್ಳುವ ಚೌಕ ಎಷ್ಟು ಎತ್ತರ? ಪೂರಾ 64. ಬೇಡ ಅಂದರೆ ಎರಡು ಚೌಕ ಇಟ್ಟುಕೊಳ್ಳಬೇಕು. ಸ್ಟಾರ್ಟ್ ಲೈನ್ ಬದಲಾದಾಗಲಂತೂ ಸ್ಕ್ರೀನಿನ ಎಲ್ಲ ಸಾಲೂ ಜಾಗ ಬದಲಿಸುತ್ತದೆ, ಹೇಗೂ ಎಲ್ಲ ಬರೆಯಲೇಬೇಕು. ಹಾಗಾದರೆ ಉಳಿಸಿದ್ದೇನು?

ಮೆಮೊರಿ ಮುಟ್ಟದೆ ಸ್ಕ್ರೀನ್ ಬದಲಿಸುವ ಕಮಾಂಡ್‌ಗಳ ಸಾಲು ಇನ್ನೂ ಇದೆ. ಕಪ್ಪು-ಬಿಳುಪು ತಿರುಗಿಸುವುದು (ಹೆಕ್ಸ್ ಎ7), ಎಲ್ಲ ಚುಕ್ಕೆ ಹೊತ್ತಿಸುವುದು, ಡಿಸ್‌ಪ್ಲೇ ಆಫ್, ಕಾಂಟ್ರಾಸ್ಟ್. ಒಂದನ್ನು ಮರೆತರೂ ವಿಂಡೋದಲ್ಲಿ ಹಳೆಯ ಚಿತ್ರ ಕೂತಿರುತ್ತದೆ. ಇದರಲ್ಲೂ ಒಂದು ತಮಾಷೆ: ಎಡ-ಬಲ ತಿರುಗಿಸುವ ಕಮಾಂಡ್ ಮುಂದೆ ಬರುವ ಡೇಟಾಗೆ ಮಾತ್ರ ತಾಗುತ್ತದೆ, ಆದರೆ ಮೇಲೆ-ಕೆಳಗೆ ತಿರುಗಿಸುವುದು ಆ ಕ್ಷಣವೇ ಕಾಣುತ್ತದೆ. ಡೇಟಾಶೀಟ್ ಪಕ್ಕದಲ್ಲಿಟ್ಟುಕೊಂಡು ಒಂದೊಂದಕ್ಕೂ ಲೆಕ್ಕ ಬರೆಯುವ ತಾಳ್ಮೆ ಇದ್ದವರು ಬರೆಯಲಿ.

ಇನ್ನು ನನ್ನ ಮೆಚ್ಚಿನದು. ಡೇಟಾ ಬರಲಿ, ಕಮಾಂಡ್ ಬರಲಿ, ಫ್ಲ್ಯಾಗ್ ಎತ್ತು. ಕ್ಯೂಎಮು ಕೇಳಿದಾಗ ಫ್ಲ್ಯಾಗ್ ಇಳಿದಿದ್ದರೆ ಸುಮ್ಮನೆ ವಾಪಸ್ ಹೋಗು. ಎತ್ತಿದ್ದರೆ ಮೊದಲು ಇಳಿಸು, 1024 ಬೈಟನ್ನೂ ಓದಿ ಎಲ್ಲ ಬರೆ, ಒಂದೇ ಅಪ್‌ಡೇಟ್ ಕರೆ ಕೊಡು. ಅಷ್ಟೇ. ಸ್ಟಾರ್ಟ್ ಲೈನ್ ಲೆಕ್ಕ ಬರೆಯುವ ಲೂಪ್‌ನಲ್ಲಿ ಒಂದು ಸಲ ಬಂದರೆ ಸಾಕು. ಉಳಿಸಿಟ್ಟ ಸ್ಥಿತಿಯಿಂದ ಮೆಷಿನ್ ಮತ್ತೆ ಎದ್ದಾಗಲೂ ಅದೇ ಫ್ಲ್ಯಾಗ್.

ಇದು ನಾನು ಕಂಡುಹಿಡಿದದ್ದಲ್ಲ. ಕ್ಯೂಎಮು ಒಳಗೇ ಇರುವ ಎಸ್‌ಎಸ್‌ಡಿ0303 ಮತ್ತು ಎಸ್‌ಎಸ್‌ಡಿ0323 ಒಎಲ್‌ಇಡಿಗಳ ಕೋಡ್ ತೆರೆದರೆ ಅಲ್ಲೂ ಇಂಥದೇ ಫ್ಲ್ಯಾಗ್ ಸಿಗುತ್ತದೆ.

ಖರ್ಚು ಎಷ್ಟು? ಕಣ್ಣಿಗೆ ಕಾಣಲಿ ಅಂತ ನಾಲ್ಕು ಪಟ್ಟು ಹಿಗ್ಗಿಸಿದರೆ 512×256, ಪಿಕ್ಸೆಲ್‌ಗೆ 4 ಬೈಟ್. ಒಂದು ಸಲಕ್ಕೆ 512 ಕೆಬಿ, ಸೆಕೆಂಡಿಗೆ 60 ಸಲ ಬರೆದರೂ 30 ಎಂಬಿ. ನನ್ನ ಹಳೇ ಲ್ಯಾಪ್‌ಟಾಪಿಗೂ ಇದು ಲೆಕ್ಕಕ್ಕಿಲ್ಲ. ಕೊರತೆ ಒಂದಿದೆ. ಫ್ರೇಮ್ ಅರ್ಧ ಬಂದಾಗಲೇ ಕ್ಯೂಎಮು ಕೇಳಿದರೆ ಅರ್ಧ ಹೊಸದು, ಅರ್ಧ ಹಳೆಯದು ಕಾಣುತ್ತದೆ. ಮುಂದಿನ ಸಲ ಸರಿಹೋಗುತ್ತದೆ, ಹಾಗಾಗಿ ಬಿಟ್ಟಿದ್ದೇನೆ.

ಫ್ಲ್ಯಾಗ್ ಎಲ್ಲ ಕಡೆ ನಡೆಯುವುದಿಲ್ಲ. ಎಆರ್‌ಎಂ ಬೋರ್ಡ್‌ಗಳ ಪಿಎಲ್110 ಥರದ ಎಲ್‌ಸಿಡಿ ಕಂಟ್ರೋಲರ್‌ನಲ್ಲಿ ಚಿತ್ರ ಇರುವುದು ಮಾಮೂಲಿ ರ್‍ಯಾಮ್‌ನಲ್ಲಿ. ಪ್ರೊಸೆಸರ್ ನೇರವಾಗಿ ಬರೆಯುತ್ತದೆ, ಎಮ್ಯುಲೇಟ್ ಆಗುವ ಡಿವೈಸ್‌ಗೆ ಅದು ಗೊತ್ತೇ ಆಗುವುದಿಲ್ಲ. ಅಲ್ಲಿ ಯಾವ ಮೆಮೊರಿ ಪುಟ ಬದಲಾಗಿದೆ ಅನ್ನುವ ಕ್ಯೂಎಮುವಿನ ಲೆಕ್ಕವೇ ಗತಿ. 4096 ಬೈಟಿನ ಪುಟ ಅಂದರೆ, 32 ಬಿಟ್ಟಿನ 640×480 ಸ್ಕ್ರೀನ್‌ಗೆ ಅದು 300 ಪುಟ. ಗಮನಿಸಿ, ಅಲ್ಲಿಯೂ ಕಂಟ್ರೋಲ್ ರಿಜಿಸ್ಟರ್ (ಕಂಟ್ರೋಲರ್‌ನ ಸೆಟ್ಟಿಂಗ್ ಇರುವ ಜಾಗ) ಬರೆದ ಕೂಡಲೇ ಇಡೀ ಸ್ಕ್ರೀನನ್ನು ಮತ್ತೆ ಬರೆಸುತ್ತಾರೆ. ಕೋಡ್‌ನಲ್ಲಿ ಕೊಟ್ಟ ಕಾರಣವೂ ಅದೇ, ಸರಳವಾಗಿರಲಿ ಅಂತ. 2021ರಲ್ಲಿ ಅದೇ ಕೋಡ್‌ನಿಂದ 8, 15, 16, 24 ಬಿಟ್ ವಿಂಡೋಗಳಿಗಾಗಿ ಇದ್ದ ಭಾಗಗಳನ್ನೂ ಕಿತ್ತುಹಾಕಿದರು. ಚಿತ್ರ ಬರೆಯಲು ಕ್ಯೂಎಮು ಕೊಡುವ ಹಾಳೆ, ಅಂದರೆ ಸರ್ಫೇಸ್, ಹೇಗೂ 32 ಬಿಟ್, ಅವು ಓಡುತ್ತಲೇ ಇರಲಿಲ್ಲ.

ಹಾಗಾಗಿ ನಾನು ಆರಿಸುವಾಗ ಸ್ಕ್ರೀನ್ ಎಷ್ಟು ದೊಡ್ಡದು ಅಂತ ಜಾಸ್ತಿ ನೋಡುವುದಿಲ್ಲ. ಪ್ರತಿ ಬೈಟೂ ನನ್ನ ಕೋಡ್ ಮೂಲಕವೇ ಬರುತ್ತದೆಯೇ ಅಂತ ನೋಡುತ್ತೇನೆ. ಬರುವುದಾದರೆ ಫ್ಲ್ಯಾಗ್. ರಾತ್ರಿ ಊಟ ಆದಮೇಲೆ ಸಿಗುವ ಒಂದು ಗಂಟೆಯಲ್ಲಿ ಕೋಡ್ ಬರೆಯುವವನು ನಾನು, ಚೌಕದ ಮೂಲೆ ಹುಡುಕುತ್ತಾ ಅದನ್ನು ಕಳೆಯಲಾರೆ. ದೂರದ ಸರ್ವರ್‌ನಲ್ಲಿ ದೊಡ್ಡ ಸ್ಕ್ರೀನ್ ಓಡಿಸಿ, ನಿಧಾನದ ನೆಟ್‌ನಲ್ಲಿ ನೋಡುವವರ ಲೆಕ್ಕ ಬೇರೆ ಇರಬಹುದು. ನನ್ನ ಮುಂದಿನ ಕೆಲಸ ಎಸ್‌ಟಿ7735 ಚಿಪ್‌ನ 128×160 ಬಣ್ಣದ ಸ್ಕ್ರೀನ್. ಎಸ್‌ಪಿಐ (ಐ2ಸಿ ಥರದ್ದೇ ಇನ್ನೊಂದು ಸಂಪರ್ಕ) ಮೇಲೆ ಬರುವ ಎಲ್ಲ ಬೈಟೂ ನನ್ನ ಕೈ ದಾಟಿಯೇ ಹೋಗಬೇಕು, ಅದಕ್ಕೂ ಫ್ಲ್ಯಾಗೇ.