ಡ್ಯಾಶ್‌ಕ್ಯಾಮ್ ಹಾಕಿಸಿ ಹತ್ತು ತಿಂಗಳಾಯಿತು, ಕಾರ್ಡ್ ವಿಷಯದಲ್ಲಿ ಮಾತ್ರ ಹುಷಾರು

ರಸ್ತೆಯನ್ನು ವಿಡಿಯೋ ಮಾಡುತ್ತಾ ಇರೋಕೆ ಕಾರಿನ ಮುಂದಿನ ಗ್ಲಾಸಿಗೆ ಒಂದು, ಹಿಂದಿನ ಗ್ಲಾಸಿಗೆ ಒಂದು, ಎರಡು ಕ್ಯಾಮೆರಾ ಇರುವ ಡ್ಯಾಶ್‌ಕ್ಯಾಮ್ ಇದು. ಫಿಟಿಂಗ್ ಸೇರಿ 9,000 ರೂಪಾಯಿ ಚಿಲ್ಲರೆ ಆಯಿತು. ಹಾಕಿಸಿದ್ದು ಒಂದೇ ಕಾರಣಕ್ಕೆ. ಬೆಂಗಳೂರಲ್ಲಿ ರಾತ್ರಿ ಬೈಕಿನವರು ಕಾರಿಗೆ ಅಡ್ಡ ಹಾಕಿ, "ಗುದ್ದಿಬಿಟ್ಟೆ, ದುಡ್ಡು ಕೊಡು" ಅಂತ ಸುಳ್ಳು ಜಗಳ ತೆಗೆಯೋದು ಜಾಸ್ತಿ ಆಗಿದೆ ಅಲ್ವಾ, ಸರ್ಜಾಪುರ, ವರ್ತೂರು ಕಡೆ ಓಡಾಡುವವರಿಗೆ ಇದು ಹೊಸ ವಿಷಯ ಅಲ್ಲ.

ನನಗೂ ಆಯಿತು. ರಾತ್ರಿ 11 ದಾಟಿತ್ತು, ಪಕ್ಕದಲ್ಲಿ ಅಮ್ಮ. ಒಂದು ಬೈಕ್ ಎಡಗಡೆಯಿಂದ ಉಜ್ಜಿಕೊಂಡ ಹಾಗೆ ಬಂದು ಮುಂದೆ ನಿಂತಿತು. ಹಿಂದೆ ಕೂತಿದ್ದವನು ಇಳಿದು ಬಂದು ಕಾಲು ತೋರಿಸುತ್ತಾ ಗ್ಲಾಸ್ ಬಡಿಯೋಕೆ ಶುರು ಮಾಡಿದ. ನಾನು ಇಳಿಯಲಿಲ್ಲ. ಡೋರ್ ಲಾಕ್ ಆಗಿತ್ತು, ಇಂಜಿನ್ ಆನ್ ಇತ್ತು. ಕ್ಯಾಮೆರಾ ಕಡೆ ಬೆರಳು ತೋರಿಸಿ, 112ಕ್ಕೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ. ಅವನು ಕ್ಯಾಮೆರಾದ ಕೆಂಪು ಲೈಟನ್ನೇ ಒಂದು ಸಲ ದಿಟ್ಟಿಸಿ ನೋಡಿ ಹೋಗಿ ಬೈಕ್ ಹತ್ತಿದ. ಅಷ್ಟೇ. ಆಮೇಲೆ ಲೈಟ್ ಇದ್ದ ಪೆಟ್ರೋಲ್ ಬಂಕಲ್ಲಿ ನಿಲ್ಲಿಸಿ ವಿಡಿಯೋ ನೋಡಿದರೆ ಅಮ್ಮನ ಗಾಬರಿ ದನಿ ಸ್ಪಷ್ಟವಾಗಿ ಕೇಳುತ್ತಿತ್ತು: "ಗ್ಲಾಸ್ ಇಳಿಸಬೇಡ ಮಗಾ, ಇಳಿಸಬೇಡ." ಬೈಕ್ ನಂಬರ್ ಮಾತ್ರ ಕಾಣಲಿಲ್ಲ. ನಮ್ಮದೇ ಹೆಡ್‌ಲೈಟ್ ಬಿದ್ದು ನಂಬರ್ ಪ್ಲೇಟ್ ಬರೀ ಬಿಳಿ ಪಟ್ಟಿ. ಹಗಲಲ್ಲಿ ಚೆನ್ನಾಗಿ ಓದಬಹುದು, ರಾತ್ರಿ ಅದನ್ನು ನಂಬಬೇಡಿ, ನಂಬರನ್ನು ನೀವೇ ಜೋರಾಗಿ ಓದಿ ಹೇಳಿಬಿಡಿ, ಮೈಕ್ ಹಿಡಿದುಕೊಳ್ಳುತ್ತದೆ.

ಇನ್ನೊಂದು ವಿಷಯ. ನಿಜವಾಗಲೂ ಯಾರಿಗಾದರೂ ತಾಗಿ ಪೆಟ್ಟಾಗಿದ್ದರೆ ಸುಮ್ನೆ ಹೊರಟು ಹೋಗೋ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು, ಪೊಲೀಸರಿಗೆ ತಿಳಿಸಬೇಕು. ಜನ ಮುತ್ತಿಕೊಂಡು ಹೊಡೆಯೋ ಭಯ ಇದ್ದರೆ ಚಿಕಿತ್ಸೆ ವಿಷಯದಲ್ಲಿ ವಿನಾಯಿತಿ ಇದೆ, ಆಗಲೂ ಹತ್ತಿರದ ಸ್ಟೇಷನ್‌ಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸಲೇಬೇಕು. ನಾವು ಹೇಳೋದು ನಿಜ ಅಂತ ತೋರಿಸೋಕೆ ಆಗ ಈ ವಿಡಿಯೋ ಬೇಕಾಗುತ್ತದೆ.

ಈಗ ದೂರು. ಜೊತೆಗೆ ಫ್ರೀ ಅಂತ ಕೊಟ್ಟ ಮೆಮೊರಿ ಕಾರ್ಡ್ ಮೂರೇ ತಿಂಗಳಲ್ಲಿ ಸತ್ತುಹೋಯಿತು. ಲೈಟ್ ಉರಿಯುತ್ತಿತ್ತು, ರೆಕಾರ್ಡ್ ಏನೂ ಆಗುತ್ತಿರಲಿಲ್ಲ! ಪಾರ್ಕಿಂಗಲ್ಲಿ ಯಾರೋ ಬಂಪರ್ ಒಡೆದು ಹೋದ ದಿನ ತೆಗೆದು ನೋಡಿದಾಗಲೇ ಗೊತ್ತಾಗಿದ್ದು. ಹಳೇ ವಿಡಿಯೋ ಅಳಿಸಿ ಅದರ ಮೇಲೇ ಹೊಸದು ಬರೆಯುತ್ತಾ ಇರುತ್ತದಲ್ಲ, ಮಾಮೂಲಿ ಕಾರ್ಡ್ ಅದಕ್ಕೆ ತಡೆಯೋದಿಲ್ಲ. 'ಹೈ ಎಂಡ್ಯೂರೆನ್ಸ್' ಅಂತ ಬರೆದಿರುವ ಕಾರ್ಡನ್ನೇ ಕೇಳಿ ತಗೊಳ್ಳಿ. ನನ್ನದರಲ್ಲಿ 64 ಜಿಬಿಗೆ ಐದಾರು ಗಂಟೆ ವಿಡಿಯೋ ನಿಲ್ಲುತ್ತದೆ, ಆಮೇಲೆ ಅಳಿಸಿಹೋಗುತ್ತದೆ. ಹಾಗಾಗಿ ಏನಾದರೂ ಆದರೆ ಆ ಕ್ಷಣವೇ ಲಾಕ್ ಬಟನ್ ಒತ್ತಿ (ಆ ವಿಡಿಯೋ ಅಳಿಸದ ಹಾಗೆ ಉಳಿಸುವ ಬಟನ್), ಮನೆಗೆ ಬಂದು ಕಾಪಿ ಮಾಡಿ, ಕಾರ್ಡನ್ನೂ ತೆಗೆದಿಡಿ.

ಕೊಳ್ಳುವಾಗ ಒಳಗೆ ಬ್ಯಾಟರಿ ಇದೆಯಾ, ಕೆಪಾಸಿಟರ್ (ಬ್ಯಾಟರಿ ಬದಲು ಸ್ವಲ್ಪ ಹೊತ್ತು ಕರೆಂಟ್ ಹಿಡಿದಿಡೋ ಭಾಗ) ಇದೆಯಾ ಅಂತ ಕೇಳಿ. ಬಿಸಿಲಲ್ಲಿ ನಿಲ್ಲೋ ಕಾರಿಗೆ ಕೆಪಾಸಿಟರ್ ಇರೋದೇ ಸರಿ, ಕಾದ ಗ್ಲಾಸಿನ ಹಿಂದೆ ಲಿಥಿಯಂ ಬ್ಯಾಟರಿ ಊದಿಕೊಳ್ಳಬಹುದು. ಪಾರ್ಕಿಂಗ್ ಮೋಡ್, ಅಂದರೆ ಗಾಡಿ ಆಫ್ ಆಗಿ ನಿಂತಾಗಲೂ ರೆಕಾರ್ಡ್ ಆಗೋದು, ಬೇಕಾದರೆ ಕಾರಿನ ಬ್ಯಾಟರಿ ವೋಲ್ಟೇಜ್ ಇಳಿದಾಗ ತಾನೇ ಆಫ್ ಆಗೋ ಹಾರ್ಡ್‌ವೈರ್ ಕಿಟ್ (ಕ್ಯಾಮೆರಾಗೆ ಕಾರಿನ ಬ್ಯಾಟರಿಯಿಂದ ನೇರ ಕರೆಂಟ್ ಕೊಡೋ ವೈರಿಂಗ್) ಹಾಕಿಸಿ, ಇಲ್ಲದಿದ್ದರೆ ಬ್ಯಾಟರಿ ಖಾಲಿಯಾಗಿ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗಲ್ಲ.

ತಂಗಿ ಆಫೀಸಿಂದ ರಾತ್ರಿ ಒಬ್ಬಳೇ ಬರುತ್ತಾಳೆ. ಮುಂದಿನ ವಾರ ಅವಳ ಕಾರಿಗೂ ಇದನ್ನೇ ಹಾಕಿಸುತ್ತಿದ್ದೇನೆ, ಕಾರ್ಡ್ ಮಾತ್ರ ಬೇರೆ.