ಹಿಮದಲ್ಲಿ ರಿಯರ್ ವ್ಹೀಲ್ ಡ್ರೈವ್ ಕಾರು: ಮೂರು ಬಗೆಯ ಟೈರ್ ಹಾಕಿ ನೋಡಿದ ಮೇಲೆ

ಹಿಂದಿನ ಚಕ್ರ ತಳ್ಳುವ ಸ್ಪೋರ್ಟ್ಸ್ ಕಾರನ್ನು ಚಳಿಗಾಲದಲ್ಲಿ ಹೊದಿಕೆ ಹಾಕಿ ನಿಲ್ಲಿಸಬೇಕು ಅನ್ನುವವರೇ ಜಾಸ್ತಿ. ನಾನು ನಿಲ್ಲಿಸುವುದಿಲ್ಲ. ನನ್ನದು ಎಂಜಿನ್ ಮುಂದಿರುವ, ಎರಡು ಬಾಗಿಲಿನ, ನೆಲಕ್ಕೆ ಹತ್ತಿರ ಕೂತ ಕೂಪೆ. ಮ್ಯಾನುವಲ್ ಗೇರ್. ಇದೇ ಕಾರಿಗೆ ಬೇರೆಬೇರೆ ಚಳಿಗಾಲಗಳಲ್ಲಿ ವರ್ಷವಿಡೀ ಓಡಿಸಬಹುದಾದ ಆಲ್ ವೆದರ್ ಟೈರ್, ಮೊಳೆ ಇಲ್ಲದ ವಿಂಟರ್ ಟೈರ್, ಮೊಳೆ ಇರುವ ವಿಂಟರ್ ಟೈರ್ ಮೂರನ್ನೂ ಹಾಕಿ ಓಡಿಸಿದ್ದೇನೆ. ಮರಳು ಮೂಟೆ, ಚಕ್ರಕ್ಕೆ ಸುತ್ತುವ ಚೈನುಗಳ ಪ್ರಯೋಗವೂ ಆಗಿದೆ.

ಸಮ್ಮರ್ ಟೈರನ್ನು ಹೋಲಿಕೆಗೇ ತೆಗೆದುಕೊಂಡಿಲ್ಲ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದರ ರಬ್ಬರ್ ಗಡುಸಾಗುತ್ತದೆ, ಒಣ ರಸ್ತೆಯಲ್ಲೂ ಹಿಡಿತ ಕಡಿಮೆಯಾಗುತ್ತದೆ. ರೇಸಿಂಗ್ ಕಡೆಗೆ ವಾಲಿದ ಕೆಲವು ಟೈರುಗಳು ಕಡು ಚಳಿಯಲ್ಲಿ ಬಿರುಕು ಬಿಡಬಹುದು ಎಂದು ತಯಾರಕರೇ ಎಚ್ಚರಿಸುತ್ತಾರೆ. ಬಹಳಷ್ಟು ಸ್ಪೋರ್ಟ್ಸ್ ಕಾರುಗಳು ಶೋರೂಮಿನಿಂದ ಹೊರಬೀಳುವುದೇ ಸಮ್ಮರ್ ಟೈರಿನ ಮೇಲೆ. ಇಂಥ ಕಾರುಗಳಿಗೆ ಹಿಮ ಆಗಿಬರುವುದಿಲ್ಲ ಎಂಬ ಹೆಸರು ಬಂದದ್ದರಲ್ಲಿ ಅರ್ಧ ಪಾಲು ಇದರದ್ದೇ ಅಂತ ನನ್ನ ಅಂದಾಜು.

ಮೊದಲು ಆಲ್ ವೆದರ್. ಕೊಳ್ಳುವಾಗ ಟೈರಿನ ಪಕ್ಕದ ಗುರುತನ್ನು ನೋಡಲೇಬೇಕು. ಎಂ+ಎಸ್ (ಮಡ್ ಅಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಅಂತ ಮಾತ್ರ ಇದ್ದರೆ ಅದು ಮೇಲಿನ ಅಚ್ಚಿನ ವಿನ್ಯಾಸದ ಬಗ್ಗೆ ತಯಾರಕರು ಹೇಳಿಕೊಂಡ ಮಾತು, ಅಷ್ಟೆ. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಚಿತ್ರ ಇದ್ದರೆ ಆ ಟೈರ್ ಹಿಮದ ಮೇಲಿನ ಪರೀಕ್ಷೆಯಲ್ಲಿ ಪಾಸಾಗಿದೆ ಎಂದು ಅರ್ಥ. 2015ರಲ್ಲಿ ಬಂದ ಮಿಷೆಲಿನ್ ಕ್ರಾಸ್‌ಕ್ಲೈಮೇಟ್ ಈ ಎರಡನೇ ಗುಂಪಿನದು. ನಾನು ಹಾಕಿದ್ದೂ ಈ ಗುರುತಿದ್ದ ಟೈರನ್ನೇ. ಹಿಮ ತೆಗೆಯುವ ಗಾಡಿ ಬಂದುಹೋದ ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಹೊಸದಾಗಿ ಬಿದ್ದ ತೆಳು ಹಿಮದಲ್ಲೂ ಆರಾಮಾಗಿ ಹೋಗುತ್ತದೆ. ತುಳಿದು ತುಳಿದು ಗಟ್ಟಿಯಾದ ಹಿಮದ ಮೇಲೆ, ಅದರಲ್ಲೂ ಏರಿನಲ್ಲಿ ನಿಂತು ಮತ್ತೆ ಹೊರಡಬೇಕಾದಾಗ ಏದುಸಿರು ಶುರುವಾಗುತ್ತದೆ. ಎರಡನೇ ಗೇರಿನಲ್ಲಿ, ಕ್ಲಚ್ಚನ್ನು ನಿಧಾನಕ್ಕೆ ಬಿಟ್ಟರೆ ಹತ್ತುತ್ತದೆ. ಮೊದಲ ಗೇರಿನಲ್ಲಿ ಅವಸರ ಮಾಡಿದರೆ ಹಿಂದಿನ ಚಕ್ರ ಸುಮ್ನೆ ಸುತ್ತಿ ಕೆಳಗಿನ ಹಿಮವನ್ನು ಉಜ್ಜಿ ಗಾಜು ಮಾಡಿಡುತ್ತದೆ. ಐಸಿನ ಮೇಲೆ ಬ್ರೇಕ್ ಒತ್ತಿದರೆ ಕಾರು ನಿಲ್ಲುವ ಜಾಗ ನಾವಂದುಕೊಂಡದ್ದಕ್ಕಿಂತ ಮುಂದೆಯೇ ಇರುತ್ತದೆ.

ಮೊಳೆ ಇಲ್ಲದ ವಿಂಟರ್ ಟೈರ್ ಹಾಕಿದ ವರ್ಷ ಅದೇ ಏರಿನಲ್ಲಿ ಅದೇ ಕಾರು ಬೇರೆಯೇ ಅನಿಸಿತು. ಇದರ ರಬ್ಬರಿನಲ್ಲಿ ಸಿಲಿಕಾ ಹೆಚ್ಚು, ಹಾಗಾಗಿ ಕೊರೆಯುವ ಚಳಿಯಲ್ಲೂ ಮೆತ್ತಗಿರುತ್ತದೆ. ಮೈತುಂಬಾ ಕೂದಲೆಳೆಯಂಥ ಸೀಳುಗಳಿರುತ್ತವೆ. ಅವುಗಳ ಅಂಚು ಹಿಮವನ್ನು ಕಚ್ಚಿಕೊಳ್ಳುತ್ತದೆ, ಸಂದಿಯಲ್ಲಿ ಒಂದಿಷ್ಟು ಹಿಮ ತುಂಬಿಕೊಳ್ಳುತ್ತದೆ. ಆ ಹಿಮ ರಸ್ತೆಯ ಹಿಮವನ್ನು ರಬ್ಬರಿಗಿಂತ ಚೆನ್ನಾಗಿ ಹಿಡಿಯುತ್ತದೆ. ಈ ಜಾತಿಯಲ್ಲಿ ಬ್ರಿಡ್ಜ್‌ಸ್ಟೋನ್ ಬ್ಲಿಜಾಕ್ 1988ರಿಂದಲೇ ಇದೆ, ಹೊಸ ಸರಕೇನೂ ಅಲ್ಲ.

ಹೊರಡುವುದು ಸುಲಭವಾಯಿತು ಎಂಬುದು ನನಗೆ ದೊಡ್ಡ ಲಾಭ ಅನಿಸಲಿಲ್ಲ. ದೊಡ್ಡ ಲಾಭ ಇರುವುದು ಮುಂದಿನ ಚಕ್ರಗಳಲ್ಲಿ. ರಿಯರ್ ವ್ಹೀಲ್ ಡ್ರೈವ್ ಅಂದ ಕೂಡಲೇ ಎಲ್ಲರಿಗೂ ಹಿಂಭಾಗ ಜಾರುವ ಭಯ. ಹಿಂಭಾಗ ಜಾರುವ ಮೊದಲು ಸೊಂಟಕ್ಕೇ ಗೊತ್ತಾಗುತ್ತದೆ. ಆಕ್ಸಿಲರೇಟರನ್ನು ಮೆಲ್ಲಗೆ ಸಡಿಲಿಸಿ, ಜಾರಿದ ಕಡೆಗೇ ಸ್ಟೀರಿಂಗ್ ತಿರುಗಿಸಿದರೆ ಸರಿಹೋಗುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಮೂತಿ ನೆಟ್ಟಗೆ ಹೋಗುತ್ತಲೇ ಇದ್ದರೆ ಏನು ಮಾಡುತ್ತೀರಿ? ನನಗೆ ಅಂಜಿಕೆ ಇರುವುದು ಅದಕ್ಕೇ. ಆಲ್ ವೆದರ್‌ನಲ್ಲಿ ಗಟ್ಟಿ ಹಿಮದ ತಿರುವುಗಳಲ್ಲಿ ಆಗಾಗ ಅದು ಆಗುತ್ತಿತ್ತು. ವಿಂಟರ್ ಟೈರಿನಲ್ಲಿ ಅಪರೂಪವಾಯಿತು. ಕಾಸು ಉಳಿಸಲು ಕಾರನ್ನು ತಳ್ಳುವ ಹಿಂದಿನ ಚಕ್ರಗಳಿಗೆ ಮಾತ್ರ ಎರಡು ವಿಂಟರ್ ಟೈರ್ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಕಾರು ಚೆನ್ನಾಗಿ ಹೊರಡುತ್ತದೆ, ಆದರೆ ತಿರುಗುವುದಿಲ್ಲ, ಸರಿಯಾಗಿ ನಿಲ್ಲುವುದೂ ಇಲ್ಲ. ನಾಲ್ಕೂ ಒಂದೇ ಬಗೆಯದಿರಲಿ.

ಇದಕ್ಕೊಂದು ಬೆಲೆಯೂ ಇದೆ. ಒಣ ಟಾರಿನ ಮೇಲೆ ಸ್ಟೀರಿಂಗಿನ ಚುರುಕು ಹೋಗುತ್ತದೆ. ರಬ್ಬರ್ ಮೆತ್ತಗೆ ಬಳುಕಿ, ಸ್ವಲ್ಪ ತಡೆದು ಕಾರು ತಿರುಗುತ್ತದೆ. ಕಾರು ಕೊಂಡದ್ದೇ ಆ ಚುರುಕಿಗಾಗಿ ಅಲ್ವಾ? ಒಂದು ಇಂಚು ಚಿಕ್ಕ ರಿಮ್ಮು, ಅದಕ್ಕೆ ಅಗಲ ಕಡಿಮೆಯ ಟೈರ್ ಹಾಕಿದ ಮೇಲೆ ನೋಟವೂ ಸಪ್ಪೆಯಾಯಿತು. ಆದರೆ ಅಗಲದ ಟೈರ್ ಹಿಮದ ಮೇಲೆ ತೇಲಲು ನೋಡುತ್ತದೆ, ಕಿರಿದಾದದ್ದು ಸೀಳಿಕೊಂಡು ಕೆಳಗಿಳಿಯುತ್ತದೆ. ರಿಮ್ಮು ಚಿಕ್ಕದು ಮಾಡುವ ಮುನ್ನ ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಅದರೊಳಗೆ ಕೂರುತ್ತದಾ ಅಂತ ಅಳತೆ ನೋಡಿಕೊಳ್ಳಿ. ದೊಡ್ಡ ಬ್ರೇಕಿನ ಕಾರುಗಳಲ್ಲಿ ಕೂರುವುದಿಲ್ಲ.

ಮೊಳೆ ಟೈರಿನ ಮಾತು ಬೇಗ ಮುಗಿಯುತ್ತದೆ. ಶೂನ್ಯದ ಆಸುಪಾಸಿನಲ್ಲಿ ಐಸಿನ ಮೇಲೆ ತೆಳುವಾಗಿ ನೀರಿನ ಪೊರೆ ನಿಲ್ಲುತ್ತದೆ, ಆಗಲೇ ಅದು ಅತಿ ಹೆಚ್ಚು ಜಾರುವುದು. ಮೈನಸ್ 20ರ ಐಸು ಅದಕ್ಕಿಂತ ಎಷ್ಟೋ ವಾಸಿ. ಆ ಒದ್ದೆ ಐಸಿನ ಮೇಲೆ ಮೊಳೆಗೆ ಸಾಟಿ ಇಲ್ಲ. ಗಟ್ಟಿ ಹಿಮದ ಮೇಲೆ ಮೊಳೆ ಇಲ್ಲದ್ದಕ್ಕೂ ಇದಕ್ಕೂ ನನಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬರೀ ಟಾರಿನ ಮೇಲೆ ಮಾತ್ರ ಗದ್ದಲವೋ ಗದ್ದಲ, ಹಿಡಿತವೂ ಕಡಿಮೆ. ಮೊಳೆ ರಸ್ತೆಯನ್ನೂ ಕೆರೆಯುತ್ತದೆ. ಅದಕ್ಕೇ ಎಷ್ಟೋ ಕಡೆ ಅದಕ್ಕೆ ನಿಷೇಧವೋ ತಿಂಗಳ ಮಿತಿಯೋ ಇದೆ. ದಿನವೂ ಐಸಿನ ಮೇಲೇ ಓಡಾಡುವವರಿಗೆ ಸರಿ. ನಾನು ಒಂದೇ ಚಳಿಗಾಲಕ್ಕೆ ಬಿಟ್ಟೆ.

ಇನ್ನು ಹಿಂದಿನ ಚಕ್ರಗಳ ಮೇಲೆ ಭಾರ ಹೆಚ್ಚಿಸಲು ಡಿಕ್ಕಿಯಲ್ಲಿಡುವ ಮರಳು ಮೂಟೆ. ಪೋರ್ಷೆ 911ರಂಥ ಕಾರಿಗೆ ಇದು ಬೇಕಿಲ್ಲ, ಎಂಜಿನ್ನೇ ಹಿಂದಿನ ಆಕ್ಸಲ್ ಮೇಲೆ ಭಾರ ಹಾಕಿರುತ್ತದೆ. ಮಾಜ್ಡಾ ಎಂಎಕ್ಸ್-5ರಲ್ಲಿ ಭಾರ ಹಿಂದೆ ಮುಂದೆ ಹೆಚ್ಚುಕಡಿಮೆ ಸಮ. ನನ್ನಂತೆ ಮೂತಿಯ ಕಡೆ ಭಾರವಿರುವ ಕಾರಿಗೆ ಮೂಟೆ ಹಾಕಿದರೆ ಹೊರಡುವಾಗ ಉಪಯೋಗ ಇದೆ, ನಿಜ. ಆದರೆ ಅದನ್ನು ಆಕ್ಸಲ್ಲಿಗೆ ಆದಷ್ಟು ಹತ್ತಿರ, ಅಲ್ಲಾಡದಂತೆ ಕಟ್ಟಿಡಬೇಕು. ಡಿಕ್ಕಿಯ ತುದಿಯಲ್ಲಿ ಬಿದ್ದಿದ್ದರೆ ಹಿಂಭಾಗ ಒಮ್ಮೆ ಜಾರಿದ ಮೇಲೆ ಮೂಟೆಯ ಭಾರವೇ ಅದನ್ನು ಇನ್ನಷ್ಟು ಎಳೆದುಕೊಂಡು ಹೋಗುತ್ತದೆ. ವಿಂಟರ್ ಟೈರ್ ಬಂದ ಮೇಲೆ ಮೂಟೆ ಕೆಳಗಿಳಿಸಿದೆ. ಸಿಕ್ಕಿಬಿದ್ದಾಗ ಚಕ್ರದಡಿ ಹಾಕಲು ಒಂದು ಚೀಲ ಮರಳು ಮಾತ್ರ ಇಟ್ಟುಕೊಂಡಿದ್ದೇನೆ.

ಚೈನ್ ತುರ್ತಿಗೆ ಮಾತ್ರ. ಹಿಂದಿನ ಚಕ್ರಗಳಿಗೆ ಹಾಕಬೇಕು, ಸಾಮಾನ್ಯವಾಗಿ ಗಂಟೆಗೆ 50 ಕಿ.ಮೀ. ದಾಟಬಾರದು. ತಗ್ಗಿನ ಕಾರುಗಳಲ್ಲಿ ಟೈರಿಗೂ ಅದರ ಸುತ್ತಲಿನ ಗೂಡಿನ ಒಳಭಾಗಕ್ಕೂ ನಡುವೆ ಜಾಗವೇ ಇರುವುದಿಲ್ಲ, ಚೈನ್ ಉಜ್ಜುತ್ತದೆ. ನಾನು ಟೈರಿಗೆ ತೊಡಿಸುವ ಬಟ್ಟೆಯ ಹೊದಿಕೆಗೆ ಬದಲಾಯಿಸಿದೆ. ಹಾಕುವುದು ಸಲೀಸು, ಬರೀ ಟಾರಿನ ಮೇಲೆ ಓಡಿಸಿದರೆ ಬೇಗ ಹರಿಯುತ್ತದೆ.

ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಚಕ್ರ ಸುಮ್ನೆ ಸುತ್ತದಂತೆ ಇನ್ನೊಂದಕ್ಕೂ ಶಕ್ತಿ ಕಳಿಸುವ ಸಾಧನ) ಇದ್ದರೆ ಸಾಕು ಎಂಬ ವಾದವನ್ನೂ ಕೇಳಿರುತ್ತೀರಿ. ಒಂದು ಚಕ್ರ ಐಸಿನ ಮೇಲೆ, ಇನ್ನೊಂದು ಟಾರಿನ ಮೇಲೆ ಇದ್ದಾಗ ಅದು ನಿಜಕ್ಕೂ ಕೈ ಹಿಡಿಯುತ್ತದೆ. ಎರಡೂ ಜಾರುವ ಕಡೆ ಇದ್ದರೆ ಎರಡೂ ಒಟ್ಟಿಗೆ ಸುತ್ತುತ್ತವೆ, ಹಿಂಭಾಗ ಪಕ್ಕಕ್ಕೆ ಹೊರಡುತ್ತದೆ. ಚಕ್ರ ಸುಮ್ನೆ ಸುತ್ತುವುದನ್ನು ತಡೆಯುವ ಟ್ರ್ಯಾಕ್ಷನ್ ಕಂಟ್ರೋಲನ್ನು ಕಾರು ಹೂತುಹೋದಾಗ ಮಾತ್ರ ಆರಿಸುತ್ತೇನೆ. ಹಿಂದೆ ಮುಂದೆ ಅಲ್ಲಾಡಿಸಿ ಹೊರಬರಲು ಚಕ್ರ ಸ್ವಲ್ಪ ಸುತ್ತಲೇಬೇಕಾಗುತ್ತದೆ. ಮಿಕ್ಕಂತೆ ಆನ್ ಇರಲಿ.

ಗೆಳೆಯನ ಆಲ್ ವ್ಹೀಲ್ ಡ್ರೈವ್ ಎಸ್‌ಯುವಿಯನ್ನೂ ಅದೇ ಗುಡ್ಡಕ್ಕೆ ಒಯ್ದು ನೋಡಿದ್ದೇನೆ. ಅದರಲ್ಲಿದ್ದದ್ದು ಬೆಟ್ಟದ ಗುರುತಿಲ್ಲದ ಸಾದಾ ಆಲ್ ಸೀಸನ್ ಟೈರು. ಹತ್ತುವಾಗ ನನ್ನ ಕಾರನ್ನು ನಾಚಿಸಿತು. ಇಳಿಯುವಾಗ ವಿಂಟರ್ ಟೈರಿದ್ದ ನನ್ನ ಕೂಪೆಯೇ ಬೇಗ ನಿಂತಿತು. ಬ್ರೇಕ್ ಎಲ್ಲ ಕಾರಲ್ಲೂ ನಾಲ್ಕು ಚಕ್ರಕ್ಕೇ ತಾನೆ.

ಎಸ್‌ಯುವಿಗೆ ನಾನು ಸೋಲೊಪ್ಪುವುದು ಎತ್ತರದಲ್ಲಿ. ಹಿಮ ಬಂಪರಿನ ಮಟ್ಟ ಮುಟ್ಟಿದರೆ ನನ್ನ ಕಾರು ಅದನ್ನು ತಳ್ಳುತ್ತಾ ಹೋಗುತ್ತದೆ, ಸ್ವಲ್ಪ ದೂರದಲ್ಲಿ ಹೊಟ್ಟೆ ಹಿಮದ ಮೇಲೆ ಕೂತು ಚಕ್ರ ಗಾಳಿಯಲ್ಲಿ ಸುತ್ತುತ್ತದೆ. ಆಗ ಯಾವ ಟೈರೂ ಲೆಕ್ಕಕ್ಕಿಲ್ಲ. ಅಂಥ ಬೆಳಿಗ್ಗೆ ಹಿಮ ತೆಗೆಯುವ ಗಾಡಿ ಹೋಗುವ ತನಕ ಕಾಯುತ್ತೇನೆ. ಉಳಿದ ದಿನಗಳಿಗೆ ಮೊಳೆ ಇಲ್ಲದ ವಿಂಟರ್ ಟೈರೇ ನನ್ನ ಆಯ್ಕೆ. ಹಿಮ ಕಡಿಮೆ, ರಸ್ತೆ ಬೇಗ ಸ್ವಚ್ಛವಾಗುವ ಕಡೆ ಇರುವವರಿಗೆ ಬೆಟ್ಟದ ಗುರುತಿನ ಆಲ್ ವೆದರ್ ಸಾಕು. ಯಾವುದೇ ಹಾಕಿದರೂ ಟೈರಿನ ಅಚ್ಚಿನ ಆಳ ಸವೆದು 4 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಹಿಮಕ್ಕೆ ಇಳಿಸಬೇಡಿ. ಚಳಿ ಏರಿದಂತೆ ಟೈರಿನ ಗಾಳಿಯೂ ಇಳಿಯುತ್ತದೆ, ಪ್ರತಿ 5–6 ಡಿಗ್ರಿಗೆ ಸುಮಾರು 1 ಪಿಎಸ್ಐ (ಗಾಳಿಯ ಒತ್ತಡದ ಅಳತೆ). ಅದನ್ನೂ ಆಗಾಗ ನೋಡಿಕೊಳ್ಳುತ್ತಿರಿ.